ಮುಖ ಬಿಟ್ಟ ಕಳ್ಳತನ

ಒಂದೂರಲ್ಲಿ ಒಬ್ಬ ಕಳ್ಳನಿದ್ದನಂತೆ. ಅರಮನೆಗೆ ಕನ್ನ ಹಾಕಿ ರಾಣಿಯ ಬೊಂಬೆ ಕದ್ದನಂತೆ. ಆದರೆ ಓಲೆ, ಮೂಗುತಿ, ಕಿರೀಟ ಎಲ್ಲ ಇದ್ದ ತಲೆಯನ್ನು ಅಲ್ಲೇ ಬಿಟ್ಟು ಬರೀ ಮುಂಡ ಹೊತ್ತುಕೊಂಡು ಹೋದನಂತೆ. ಯಾಕೆ ಅಂತ ಕೇಳಿದರೆ ಅಜ್ಜಿಯರು, ‘ಹೂಂ ಅನ್ನು, ಹೇಳ್ತೀನಿ’ ಅನ್ನುತ್ತಾರೆ.

ಮೇ 14ರ ಬೆಳಿಗ್ಗೆ 10.20ಕ್ಕೆ ಶ್ರೀನಿವಾಸಪುರ ಠಾಣೆಗೆ ಬಂದ ದೂರು ಹೆಚ್ಚುಕಡಿಮೆ ಇದೇ ಕತೆಯಾಗಿತ್ತು. ಸೀರೆ ಅಂಗಡಿಯ ಚನ್ನರಾಯಪ್ಪ ಫ್ಲೆಕ್ಸ್ ತುಂಡೊಂದನ್ನು ಇನ್‌ಸ್ಪೆಕ್ಟರ್ ಶಿವಶಂಕರ್ ಅವರ ಮೇಜಿನ ಮೇಲೆ ಬಿಡಿಸಿದರು. ನಗುತ್ತಿರುವ ಬೆಳ್ಳನೆಯ ಹೆಣ್ಣುಮುಖ.

“ಇದು ಇಲ್ಲೇ ಇದೆಯಲ್ಲ. ಕಳುವಾಗಿರೋದೇನು?”

“ಮಿಕ್ಕಿದ್ದು ಸಾರ್. ಕತ್ತಿನಿಂದ ಕೆಳಗೆ.”

ಪೇದೆ ಆವಲಪ್ಪ ಕೆಮ್ಮಿದಂತೆ ಮಾಡಿ ನಗು ನುಂಗಿದ.

ಎಫ್‌ಐಆರ್ ದಾಖಲಾಯಿತು. 11.05ಕ್ಕೆ ಅಂಗಡಿಯಲ್ಲಿ ಪಂಚನಾಮೆ. ಮೆಟ್ಟಿಲ ಬಳಿಯ ಆಳೆತ್ತರದ ಜಾಹೀರಾತು ಬೋರ್ಡಿನ ಮರದ ಚೌಕಟ್ಟು ಖಾಲಿಯಾಗಿತ್ತು. ಕ್ಯಾಮೆರಾ ಗಲ್ಲಾಪೆಟ್ಟಿಗೆಯನ್ನು ಮಾತ್ರ ನೋಡುತ್ತಿತ್ತು. ಅದೇ ಚಿತ್ರದ ಕರಪತ್ರವೊಂದನ್ನು ಮಹಿಳಾ ಪೇದೆ ಮುನಿಲಕ್ಷ್ಮಿ ಬೆಳಕಿಗೆ ಹಿಡಿದಳು.

“ಸಾರ್, ಎಡಗೈ ತೋರುಬೆರಳು ನೋಡಿ. ಅಡ್ಡಡ್ಡ ಗೀರು. ಸೊಪ್ಪು ಕತ್ತರಿಸೋ ಕೈ ಇದು. ನಮ್ಮನೇಲೂ ರೇಷ್ಮೆಹುಳ ಸಾಕ್ತೀವಿ, ನಂದೂ ಹಿಂಗೇ ಇದೆ. ಈ ಮುಖದೋಳು ಹಿಪ್ಪುನೇರಳೆ ಕಂಡಿರೋದುಂಟಾ?”

11.40ಕ್ಕೆ ಫೋಟೋ ತೆಗೆದ ಸ್ಟುಡಿಯೋದ ಉಮೇಶನ ವಿಚಾರಣೆ.

“ಮೈ ಯಾರದು?”

“ಯಲ್ದೂರಿನ ಶಿವಾನಿ ಅಂತ. ಮಾಡೆಲಿಂಗ್ ಹುಚ್ಚು. ಇದೇ ಮೊದಲನೇ ಬೋರ್ಡು.”

“ಮುಖ?”

“ಕಪ್ಪಾಯ್ತು ಅಂದ್ರು ಅಂಗಡಿ ಓನರ್ರು. ಕಂಪ್ಯೂಟರಲ್ಲಿ ಬೇರೆ ಕೂರಿಸ್ದೆ.”

“ಅವಳಿಗೆ ಹೇಳಿದ್ಯಾ?”

ಉಮೇಶ್ ಕ್ಯಾಮೆರಾದ ಮುಚ್ಚಳ ತೆಗೆದು ಮತ್ತೆ ಹಾಕಿದ. “ಬೋರ್ಡ್ ನೋಡಿದ್ರೆ ಗೊತ್ತಾಗುತ್ತಲ್ಲ ಅಂತ…”

12.30ಕ್ಕೆ ಜೀಪು ಯಲ್ದೂರು ಮುಟ್ಟಿತು. ಶಿವಾನಿಯ ಮನೆಯ ನಡುಬಾಗಿಲಿಗೆ ಫ್ಲೆಕ್ಸ್ ತೂಗುಹಾಕಿತ್ತು. ಕತ್ತಿನ ಮೇಲೆ ತೂತು. ಅವಳು ಓಡಲಿಲ್ಲ.

“ಕದ್ದಿದ್ದು ನೀನೇನಾ?”

“ಹೌದು ಸಾರ್. ಬೆಳಿಗ್ಗೆ ಅಂಗಡಿ ಗುಡಿಸೋ ಹೊತ್ತಲ್ಲಿ ಹೋಗಿ, ಸೊಪ್ಪಿನ ಕತ್ತೀಲಿ ಕೊಯ್ಕೊಂಡು ಬಂದೆ.”

“ಮುಖ ಯಾಕೆ ಬಿಟ್ಟೆ?”

“ಅದು ನಂದಲ್ಲವಲ್ಲ. ಬೇರೆಯವರ ವಸ್ತು ನಾನ್ಯಾಕೆ ತರಲಿ?”

“ನಡಿ, ಜೀಪು ಹತ್ತು.”

ಆಗ ಅವಳು ಕೈಮುಗಿದಳು. “ಕಾಲಿಗೆ ಬೀಳ್ತೀನಿ ಸಾರ್, ಒಂದೇ ಒಂದು ಗಂಟೆ. ನಮ್ಮಜ್ಜಿಗೆ ನಿನ್ನೆ ಕಣ್ಣಿನ ಆಪರೇಷನ್ ಆಗಿದೆ, ಈಗ ನರ್ಸಮ್ಮ ಬಂದು ಪಟ್ಟಿ ಬಿಚ್ತಾರೆ. ಇನ್ನೊಂದು ಕಣ್ಣು ಯಾವತ್ತೋ ಹೋಯ್ತು. ಹೆದರ್ಕೊಂಡು ಮೂರು ವರ್ಷ ಒಪ್ಪಿರ್ಲಿಲ್ಲ. ಪಟ್ಟಿ ಬಿಚ್ಚಿದ ತಕ್ಷಣ ಬೋರ್ಡಲ್ಲಿ ನನ್ನ ತೋರಿಸ್ತೀನಿ ಅಂದಿದ್ದಕ್ಕೇ ಹೋಗಿ ಮಲಗಿದ್ದು. ಬೆಂಗಳೂರಲ್ಲಿ ಹನ್ನೊಂದು ಕಡೆ ನನ್ನ ಬೇಡ ಅಂದ್ರು ಸಾರ್. ಇರೋದು ಇದೊಂದೇ ಬೋರ್ಡು. ಇದ್ರಲ್ಲೂ ನಾನಿಲ್ಲ ಅಂತ ಅಜ್ಜಿಗೆ ಹೆಂಗೆ ಹೇಳ್ಲಿ?”

ಶಿವಶಂಕರ್ ಗಡಿಯಾರ ನೋಡಿದರು. ಆಮೇಲೆ ಜಗಲಿಯ ಮೇಲೆ ಕೂತು ಪೆನ್ನು ತೆಗೆದರು.

“ಆವಲಪ್ಪ, ಇಬ್ಬರು ಪಂಚರನ್ನ ಕರ್ಕೊಂಡು ಬಾ. ಜಪ್ತಿ ಮಹಜರು ಬರೀಬೇಕು. ನನ್ನ ಕೈಬರಹ ನಿಧಾನ, ಗೊತ್ತಲ್ಲ.”

1.25ಕ್ಕೆ ನರ್ಸಮ್ಮ ಬಂದು ಪಟ್ಟಿ ಬಿಚ್ಚಿದರು. ಅಜ್ಜಿ ದೊಡ್ಡಗಂಗಮ್ಮ ರೆಪ್ಪೆ ಬಡಿದು ಬಾಗಿಲ ಕಡೆ ತಿರುಗಿದಳು. ಕೆಂಪು ರೇಷ್ಮೆ ಸೀರೆ, ಸೊಂಟದ ಮೇಲೆ ಗೀರುಬಿದ್ದ ಬೆರಳು, ತೂತಿನೊಳಗೆ, ಹಿಂದೆ ನಿಂತ ಶಿವಾನಿಯದೇ ಮುಖ.

“ಅಯ್ಯ, ನೀನೇ ಕಣೇ,” ಅಂದಳು ಮುದುಕಿ. ಕಣ್ಣು ಕಿರಿದು ಮಾಡಿ, “ಬೋರ್ಡಲ್ಲಿರೋಳು ಯಾಕೆ ಅಳ್ತಾವ್ಳೆ?”

“ಬಿಸಿಲಿಗೆ ಅಜ್ಜಿ,” ಅಂದಳು ಮುನಿಲಕ್ಷ್ಮಿ. “ಬಣ್ಣ ಕರಗುತ್ತೆ.”

“ಹೂಂ.”

1.50ಕ್ಕೆ ಆರೋಪಿಯನ್ನು ದಸ್ತಗಿರಿ ಮಾಡಲಾಯಿತು. ಕೇಸ್ ಡೈರಿಯಲ್ಲಿ ಕಳವಿನ ಉದ್ದೇಶ ಎಂಬಲ್ಲಿ ಶಿವಶಂಕರ್ ‘ಲಾಭಕ್ಕಾಗಿ’ ಎಂದು ಬರೆದು, ಹೊಡೆದುಹಾಕಿ, ‘ತನ್ನ ಮೈಗೆ ತನ್ನ ಮುಖ ಇಡಲು’ ಎಂದು ಬರೆದರು.

ಶಿವಾನಿ ಫ್ಲೆಕ್ಸನ್ನು ತಾನೇ ಬಿಚ್ಚಿ, ಸುರುಳಿ ಸುತ್ತಿ ಮುನಿಲಕ್ಷ್ಮಿಯ ಕೈಗೆ ಕೊಟ್ಟಳು.

“ಆಯ್ತು ಅಕ್ಕ, ನಡೀರಿ.”