ಮಂಟಪದ ಮೇಲಿನ ತಪ್ಪು ಹೆಸರು

ಫೆಬ್ರುವರಿ ತಿಂಗಳಲ್ಲಿ ಗಿರಾಕಿಯ ಮುಖ ನೋಡಬಾರದು. ಇದು ಮುನವ್ವರ ಬೇಗಂ ಅವರ ಅಂಗಡಿಯ ಕಾಯಿದೆ.

ಬೀದರಿನ ಗಾಂಧಿ ಗಂಜಿನ ಹಿಂದಿನ ಓಣಿಯಲ್ಲಿದೆ ಆ ಪುಟ್ಟ ಕಾಗದದಂಗಡಿ. ಪ್ರೇಮಿಗಳ ದಿನಕ್ಕೆ ಕಾರ್ಡು ಕೊಳ್ಳಲು ಅಲ್ಲಿಗೆ ಬರುವ ಹುಡುಗರು ಮೊದಲೇ ಅರ್ಧ ಜೀವವಾಗಿರುತ್ತಾರೆ. ಮುಖ ಎತ್ತಿ ನೋಡಿದರೆ ಸಾಕು, ಒಂದು ಪೆನ್ಸಿಲ್ ಕೊಂಡು ಓಡಿಬಿಡುತ್ತಾರೆ! ಅದಕ್ಕೇ ಉಜ್ವಲಾ ತಲೆ ತಗ್ಗಿಸಿಯೇ ವ್ಯಾಪಾರ ಮಾಡುತ್ತಿದ್ದಳು.

ಆ ದಿನವೂ ಕೆಂಪು ಕಾಗದ ಮಡಚಿ ಹೃದಯ ಕತ್ತರಿಸುತ್ತ ಕೂತಿದ್ದಳು. ಮುಂದೆ ಯಾರದೋ ನೆರಳು ಬಿತ್ತು.

"ಕಾರ್ಡು ಬಲಕ್ಕ ಅವರಿ. ನೋಡಿ ತಗೋರಿ," ಎಂದಳು ರೂಢಿಯಂತೆ.

"ಕಾರ್ಡು ಅಲ್ರಿ. ಲಗ್ನದ ಮಂಟಪಕ್ಕ ಕಾಗದದ ಹೂವು ಬೇಕಾಗಿದ್ವು."

ಕತ್ತರಿ ನಿಂತಿತು.

ಈ ದನಿ... ಭಾಲ್ಕಿಯ ಡಿ.ಎಡ್ ಕಾಲೇಜಿನಲ್ಲಿ ಎರಡು ವರ್ಷ ಪಕ್ಕದಲ್ಲೇ ಕೂತು ಕೇಳಿದ ದನಿ. ಆಮೇಲೆ ನಾಲ್ಕು ವರ್ಷ ಕೇಳದೇ ಹೋದ ದನಿ!

ಉಜ್ವಲಾ ಕಾಯಿದೆ ಮುರಿದು ಮುಖ ಎತ್ತಿದಳು. ಎದುರಿಗೆ ವಿಶ್ವಾಸ ನಿಂತಿದ್ದ. ಸ್ವಲ್ಪ ಸೊರಗಿದ್ದ. ಬಿಸಿಲಿಗೆ ಕಪ್ಪಾಗಿದ್ದ. ಕಣ್ಣು ಮಾತ್ರ ಅವೇ.

"ಉಜ್ವಲಾ... ನೀ... ನೀವು ಇಲ್ಲಿ ಇರ್ತೀರೇನು?"

'ನೀವು' ಎಂದ! ಅವಳ ಎದೆಗೆ ಅದು ಚುಚ್ಚಿತು. ನಾನು ಇವನಿಗೆ ಈಗ 'ನೀವು' ಆಗಿಬಿಟ್ಟೆನೆ?

ಅವಳೂ ಬಿಡಲಿಲ್ಲ. "ಯಾರ ಲಗ್ನರಿ?" ಎಂದು 'ರಿ' ಹಚ್ಚಿಯೇ ಕೇಳಿದಳು.

"ನಮ್ಮ ಮನ್ಯಾಗಿಂದೇ. ಪೂನಮ ವಹಿನೀದು. ಇದೇ ಹದಿನಾಲ್ಕಕ್ಕ, ಡಾಬಕಾದಾಗ, ನಮ್ಮ ಬುದ್ಧ ವಿಹಾರದ ಮುಂದ."

ಉಜ್ವಲಾ ಅರ್ಧ ಕತ್ತರಿಸಿದ ಹೃದಯವನ್ನು ಕೆಳಗಿಟ್ಟಳು. ಹಾಗಾದರೆ ಕೊನೆಗೂ ಆಗುತ್ತಿದೆ... ಲಗ್ನದ ಹೊಸ್ತಿಲಲ್ಲಿ ನಿಂತರೂ, ಅಣ್ಣನ ಹೆಂಡತಿಯೆಂದು, ಇವನ ಬಾಯಲ್ಲಿ ಇನ್ನೂ ವಹಿನಿ ಎಂದೇ ಬರುತ್ತದಲ್ಲ! ಹಳೆಯ ರೂಢಿ, ಪಾಪ.

"ಕಮಾನಿನ ಮ್ಯಾಲ ಇಬ್ಬರ ಹೆಸರೂ ಬೇಕು," ವಿಶ್ವಾಸ ಮುಂದುವರಿಸಿದ. "ವರನ ಹೆಸರು..."

"ಗೊತ್ತದರಿ. ಹೇಳೋದು ಬ್ಯಾಡ."

"ಗೊತ್ತದ?" ಅವನು ಒಂದು ಕ್ಷಣ ಅವಳನ್ನೇ ನೋಡಿದ. "ಹೌದಲ್ಲ... ಭಾಲ್ಕಿ ತುಂಬ ಸುದ್ದಿ ಆಗಿರಬೇಕು. ಹಂಗಿದ್ರ ನಾ ಹೇಳೋದೇನದ."

ಮುಂಗಡ ಕೊಟ್ಟ, ಹೋದ. ಓಣಿಯ ತಿರುವಿನಲ್ಲಿ ಒಮ್ಮೆ ತಿರುಗಿ ನೋಡಿದ್ದು ಉಜ್ವಲಾಳಿಗೆ ಕಾಣಲಿಲ್ಲ. ಅವಳು ಮತ್ತೆ ತಲೆ ತಗ್ಗಿಸಿಬಿಟ್ಟಿದ್ದಳು.

ಎಂಥ ದಿನಗಳವು, ಭಾಲ್ಕಿಯ ಆ ದಿನಗಳು!

ಕಾಲೇಜಿನ ಕರಕುಶಲ ಕೋಣೆಯಲ್ಲಿ ಒಂದೇ ಉದ್ದನೆಯ ಮೇಜು. ಮೈದಾ ಹಿಟ್ಟಿನ ಅಂಟು ಕುದಿಸಿದರೆ ಅದರ ವಾಸನೆಗೆ ಹಸಿವಾಗುತ್ತಿತ್ತು. ಪಾಠೋಪಕರಣ ಮಾಡಿರೆಂದು ಸರ್ ಕೊಟ್ಟ ಕಾಗದದಲ್ಲಿ ಅರ್ಧವನ್ನು ಇವರಿಬ್ಬರೂ ಗುಟ್ಟಾಗಿ ಕಾರ್ಡಿಗೆ ಸುರಿಯುತ್ತಿದ್ದರು. ಯಾವ ಹುಡುಗ ಯಾವ ಹುಡುಗಿಗೆ ಮನಸ್ಸು ಕೊಟ್ಟರೂ ಕಾರ್ಡು ಮಾತ್ರ ಇವರದೇ. ತೆರೆದರೆ ಎದ್ದು ನಿಲ್ಲುವ ಗುಲಾಬಿ, ಎಳೆದರೆ ರೆಕ್ಕೆ ಬಡಿಯುವ ಚಿಟ್ಟೆ. ಆ ಕಾರ್ಡುಗಳಿಂದ ಮೂರು ಜೋಡಿಗಳ ಲಗ್ನವೇ ಆಗಿಹೋಯಿತೆಂದು ಗೆಳತಿಯರು ಇಂದಿಗೂ ಹೇಳುತ್ತಾರೆ.

ಊರಿಗೆಲ್ಲ ಕಾರ್ಡು ಮಾಡಿದವರು ತಮಗೊಂದು ಮಾಡಿಕೊಳ್ಳಲಿಲ್ಲ. ಅವಸರವೇನಿದೆ, ಇದ್ದೇ ಇದೆಯಲ್ಲ ಎಂದುಕೊಂಡರು. ದಿನಾ ಪಕ್ಕದಲ್ಲೇ ಕೂರುವವರಿಗೆ ಹಾಗೇ ಅನ್ನಿಸುತ್ತದೆ.

ಪರೀಕ್ಷೆ ಮುಗಿದ ತಿಂಗಳಿಗೇ ಔರಾದ ರಸ್ತೆಯಲ್ಲಿ ಅಪಘಾತವಾಗಿ ವಿಶ್ವಾಸನ ಅಣ್ಣ ಹೋಗಿಬಿಟ್ಟ. ಮನೆಗೆ ಬಂದು ವರ್ಷವೂ ಆಗದ ವಹಿನಿ ಪೂನಮ ಒಬ್ಬಳೇ ಉಳಿದಳು.

ಉಜ್ವಲಾ ಸಮಾಧಾನ ಹೇಳಲೆಂದು ಫೋನು ಮಾಡಿದಳು. ಎತ್ತಿದ್ದು ವಿಶ್ವಾಸನ ತಾಯಿ ಜಿಜಾಬಾಯಿ. ಅಳುತ್ತಲೇ ಹೇಳಿದ್ದಳು: "ನಮ್ಮ ವಿಶ್ವಾಸಗ ಇನ್ನ ಹೊರಗ ಹೆಣ್ಣು ನೋಡಂಗಿಲ್ಲವ್ವ. ವಹಿನಿ ಕೈ ಅಂವನೇ ಹಿಡೀಲಿ ಅಂತ ಹಿರ್ಯಾರು ಹೇಳ್ಯಾರ. ಅಕಿ ನರ್ಸ್ ಓದು ಮುಗೀಲಿ, ಲಗ್ನ ಮಾಡ್ತೇವಿ."

ಗಂಡ ತೀರಿದವಳನ್ನು ಮೈದುನನಿಗೇ ಕೊಟ್ಟರೆ ಮನೆಯ ಸೊಸೆ ಮನೆಯಲ್ಲೇ ಉಳಿಯುತ್ತಾಳೆ ಎಂಬುದು ಆ ಕಡೆಯ ಹಿರಿಯರ ಹಳೆಯ ಲೆಕ್ಕ. ಉಜ್ವಲಾ ಏನೆಂದು ಎದುರಾಡಿಯಾಳು? ಸತ್ತವರ ಮನೆಯ ಮುಂದೆ ನಿಂತು ನನ್ನ ಪ್ರೀತಿ ನನಗೆ ಕೊಡಿ ಎನ್ನಲಾದೀತೆ? ಫೋನು ಇಟ್ಟಳು. ಆಮೇಲೆ ವಿಶ್ವಾಸ ಮಾಡಿದ ಒಂದು ಕರೆಯನ್ನೂ ಎತ್ತಲಿಲ್ಲ. ಅವನ ಬಾಯಿಂದ ಅದೇ ಮಾತು ಕೇಳುವ ಧೈರ್ಯ ಅವಳಿಗಿರಲಿಲ್ಲ.

ಈಗ ಅವನದೇ ಮಂಟಪಕ್ಕೆ ಅವಳೇ ಹೂ ಮಾಡಬೇಕು.

ಹಗಲೆಲ್ಲ ಅಂಗಡಿಯಲ್ಲಿ ಕೆಂಪು ಕಾರ್ಡಿನ ಗಲಾಟೆ. ಮಧ್ಯೆ ಮಧ್ಯೆ ಬಿಳಿ ಕಾಗದದ ಕಮಲ, ಅಂಚಿಗೆ ಇಳಿಬಿಡುವ ನೀಲಿ ಝಾಲರ, ಉದ್ದುದ್ದ ಪತಾಕೆ. ಎಸಳು ಸುರುಳಿ ಮಾಡುತ್ತ ಕೂತರೆ ಕಾಗದದ ಮೇಲೆ ಕಣ್ಣೀರಿನ ಹನಿ ಬೀಳುತ್ತಿತ್ತು.

"ಕ್ಯಾ ಹುವಾ ಬೇಟಾ?" ಎಂದರು ಮುನವ್ವರ ಬೇಗಂ. ಮದುಮಕ್ಕಳ ಮುಖಕ್ಕೆ ಹೂಮಾಲೆಯ ಸೆಹರಾ ಕಟ್ಟಿ ಕಟ್ಟಿ ಮುಪ್ಪಾದವರು, ಉಜ್ವಲಾಳಿಗೆ ಕತ್ತರಿ ಹಿಡಿಯುವುದನ್ನು ತಿದ್ದಿದವರು. "ಹಸಿ ಕಾಗದ ಅಂಟು ಹಿಡಿಯಂಗಿಲ್ಲ. ಮೊದಲ ಅತ್ತು ಮುಗಸು, ಆಮ್ಯಾಲ ಕೆಲಸ ಮಾಡು."

"ಅಳ್ಲತ್ತಿಲ್ಲ ಖಾಲಾ."

"ಹೂಂ, ಮಳಿ ಬಂದಿರಬೇಕು. ಆ ಹುಡುಗಗ ಒಂದು ಮಾತು ಕೇಳಬಾರದೇನು?"

"ಏನಂತ ಕೇಳಲಿ? ಎಲ್ಲಾ ಗೊತ್ತೇ ಅದಲ್ಲ."

ಎಲ್ಲಾ ಗೊತ್ತಿದೆ ಎನ್ನುವವರಿಗೆ ಹೇಳುವವರು ಯಾರು? ಖಾಲಾ ಅಡಕೆ ಬಾಯಿಗೆ ಹಾಕಿಕೊಂಡು ಸೆಹರಾ ಕಟ್ಟತೊಡಗಿದರು.

ಹದಿಮೂರರ ಸಂಜೆ ಭಾಲ್ಕಿಯಿಂದ ಅಣ್ಣ ಅನೀಲಕುಮಾರನ ಫೋನು ಬಂತು. "ನಿನ್ನ ನೋಡಿ ಹೋದ ಉದಗೀರದವರು ಜವಾಬು ಕೇಳ್ಲತ್ತಾರ. ಎಷ್ಟು ದಿನ ತಡೀಲಿ?"

"ನಾಳೆ ಹೇಳ್ತೇನಿ ಅಣ್ಣಾ."

ನಾಳೆ ಆ ಲಗ್ನ ಕಣ್ಣಾರೆ ನೋಡಿಬಿಡುತ್ತೇನೆ. ಆಮೇಲೆ ಹೂಂ ಅನ್ನುವುದು ಕಷ್ಟವೇನಲ್ಲ... ಹಾಗೆಂದುಕೊಂಡೇ ಕಮಾನಿನ ನೀಲಿ ಬಟ್ಟೆಯ ಮೇಲೆ ಕೊನೆಯ ಅಕ್ಷರ ಹೊಲಿದಳು. ದಪ್ಪ ಬಿಳಿ ಕಾಗದ, ಅಂಚಿಗೆ ಬಂಗಾರದ ಚಮಕಿ. ಬದುಕಿನಲ್ಲಿ ಅಷ್ಟು ಚಂದದ ಅಕ್ಷರ ಅವಳು ಕತ್ತರಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಟೆಂಪೊದಲ್ಲಿ ಔರಾದ ದಾಟಿ ಡಾಬಕಾ ಮುಟ್ಟಿದಳು. ವಿಹಾರದ ಮುಂದೆ ಪಂಚಶೀಲ ಧ್ವಜ ಹಾರುತ್ತಿತ್ತು. ಜನ ನೆರೆದಿದ್ದರು. ಯುವಕರು ಕಮಾನು ಎತ್ತಿ ನಿಲ್ಲಿಸಿದರು. ಧೂಳು ಬೀಳಬಾರದೆಂದು ಹೊದಿಸಿದ್ದ ಹಳೆಯ ಚಾದರವನ್ನು ಉಜ್ವಲಾಳೇ ಎಳೆದಳು.

ಪೂನಮ – ವಿಶ್ವಾಸ.

ಗದ್ದಲವೆಲ್ಲ ಒಮ್ಮೆಗೇ ನಿಂತಿತು.

ಜಿಜಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕಟ್ಟೆಯ ಮೇಲಿದ್ದ ಒಬ್ಬ ಮುದುಕ, "ನೋಡ್ರಿ, ನಾವು ಅವಾಗ ಹೇಳಿದ್ದೇ ಬರೋಬ್ಬರಿ ಇತ್ತು," ಎಂದು ಪಕ್ಕದವನಿಗೆ ಮೊಳಕೈ ತಿವಿದ.

ವಿಶ್ವಾಸ ಓಡಿ ಬಂದ. ಮುಖ ಬಿಳಚಿಕೊಂಡಿತ್ತು. "ಉಜ್ವಲಾ, ಇದೇನು ಮಾಡಿದಿ?"

"ಯಾಕ... ವಹಿನಿ ಲಗ್ನ ಅಂದಿದ್ರಲ್ಲ?"

"ಹೌದು. ನಾಗಸೇನ ಸರ್ ಜೊತಿ. ನಿಮ್ಮ ಭಾಲ್ಕಿಯವರೇ, ಸಾಲಿ ಮಾಸ್ತರರು. ಇನ್ನೊಂದು ತಾಸಿಗಿ ಅವರ ಮಂದಿ ಬಂದು ಇಳೀತಾರ. ನಿಮಗ ಗೊತ್ತದ ಅಂದಿದ್ರಿ."

ಉಜ್ವಲಾ ಕಮಾನಿನತ್ತ ನೋಡಿದಳು. ಅಯ್ಯೋ, ಏನು ಮಾಡಿಬಿಟ್ಟೆ! ಒಬ್ಬ ಹೆಣ್ಣು ಎಷ್ಟೋ ಕಷ್ಟಪಟ್ಟು ಮತ್ತೆ ಬದುಕು ಕಟ್ಟಿಕೊಳ್ಳುವ ದಿನ... ಊರು ಮರೆತ ಮಾತನ್ನು ಚಮಕಿ ಹಚ್ಚಿ ಎತ್ತಿ ಕಟ್ಟಿದೆನಲ್ಲ!

"ನನಗ ನಿಮ್ಮ ಅವ್ವ ಹೇಳಿದ್ರು..." ಎಂದಳು. "ನಾಲ್ಕು ವರ್ಷದ ಹಿಂದ, ಫೋನಿನ್ಯಾಗ. ವಹಿನಿ ಕೈ ನೀವೇ ಹಿಡೀತೀರಿ ಅಂತ."

ವಿಶ್ವಾಸ ತಾಯಿಯ ಕಡೆ ತಿರುಗಿದ. ಜಿಜಾಬಾಯಿ ತಲೆ ಎತ್ತಲಿಲ್ಲ. "ಹೇಳಿದ್ದೆ ಮಗಾ. ಆವತ್ತು ನನಗ ದಿಕ್ಕೇ ತೋಚಿದ್ದಿಲ್ಲ," ಎಂದಳು ಸಣ್ಣಗೆ.

ಅಷ್ಟರಲ್ಲಿ ಮನೆಯೊಳಗಿಂದ ಪೂನಮ ಬಂದಳು. ಬೌದ್ಧ ಲಗ್ನದ ಬಿಳಿ ಸೀರೆ, ಕೈತುಂಬ ಮೆಹಂದಿ. ಕಮಾನು ನೋಡಿದಳು, ಉಜ್ವಲಾಳ ಕಣ್ಣು ನೋಡಿದಳು, ಮೈದುನನ ಮುಖ ನೋಡಿದಳು. ಆಸ್ಪತ್ರೆಯಲ್ಲಿ ದಿನಾ ನೋವು ನೋಡುವವಳಿಗೆ ಯಾರಿಗೆ ಎಲ್ಲಿ ನೋಯುತ್ತಿದೆ ಎಂದು ತಿಳಿಯಲು ಹೊತ್ತು ಬೇಕಾಗಲಿಲ್ಲ.

"ಇಕಿನೇ ಏನು ಭಾಲ್ಕಿಯಾಕಿ?" ಎಂದು ಕೇಳಿದಳು.

ವಿಶ್ವಾಸ ಹೌದೆಂದು ತಲೆ ಆಡಿಸಿದ.

ಪೂನಮ ಕಟ್ಟೆಯತ್ತ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದಳು: "ಕಾಕಾ, ಅವಾಗ ನೀವು ಹೇಳಿದಾಗ ಈ ನನ್ನ ತಮ್ಮ ಏನಂದಿದ್ದ ನೆನಪದೇನು? ವಹಿನಿ ನನಗ ಅಕ್ಕ ಇದ್ದಂಗ, ಅಕಿ ಓದಲಿ, ಅಕಿಗಿ ಬೇಕಾದವರ ಸಂಗಟ ಲಗ್ನ ಮಾಡಿಕೊಡ್ತೇನಿ, ಅಲ್ಲಿತನ ನಾ ಲಗ್ನ ಆಗಂಗಿಲ್ಲ ಅಂದಿದ್ದ. ಅಂದಂಗ ನಡಕೊಂಡಾನ. ಹೆಸರು ತಪ್ಪಾಗೇದ, ಅಷ್ಟೇ. ತಿದ್ದಿದ್ರ ಆತು."

ಮುದುಕ ರುಮಾಲು ಸರಿಪಡಿಸಿಕೊಂಡು ಬೇರೆ ಕಡೆ ನೋಡಿದ.

"ವಹಿನಿ, ಒಂದು ತಾಸು ಸಾಕು ನನಗ," ಎಂದಳು ಉಜ್ವಲಾ. ಕಣ್ಣೊರೆಸಿಕೊಂಡು ಚೀಲದಿಂದ ಕತ್ತರಿ ತೆಗೆದಳು.

ವಿಹಾರದ ಪಡಸಾಲೆಯಲ್ಲಿ ಕೂತಳು. ದಪ್ಪ ಕಾಗದದ ಅಕ್ಷರ ಒಬ್ಬರಿಂದ ಬೇಗ ಆಗದು. ಒಬ್ಬರು ಕತ್ತರಿ ಆಡಿಸಬೇಕು, ಇನ್ನೊಬ್ಬರು ಕಾಗದ ಹಿಡಿದು ತಿರುಗಿಸುತ್ತ ಹೋಗಬೇಕು. ಯಾರೂ ಕರೆಯದಿದ್ದರೂ ವಿಶ್ವಾಸ ಬಂದು ಎದುರಿಗೆ ಕೂತು ಕಾಗದ ಹಿಡಿದ.

ಮೊದಲ ಅಕ್ಷರ ಕತ್ತರಿಸಿ ಕೆಳಗಿಟ್ಟರು.

"ನನ್ನ ಫೋನ್ ಯಾಕ ಎತ್ತಲಿಲ್ಲ?" ಕೇಳಿದ ಕೊನೆಗೆ.

"ಹೆದರಿಕಿ ಆಗಿತ್ತು. ನೀವು ಭಾಲ್ಕಿಗೆ ಯಾಕ ಬರಲಿಲ್ಲ?"

"ಬಂದು ಏನಂತ ಹೇಳಲಿ? ವಹಿನಿ ದಂಡಿಗಿ ಹತ್ತೋತನ ಕಾಯಿ ಅಂತ ಕೇಳೋ ಹಕ್ಕು ನನಗ ಎಲ್ಲಿತ್ತು? ನೀ ಎತ್ತಲಿಲ್ಲ ಅಂದ್ರ ಬ್ಯಾಡ ಅಂದೀದಿ ಅಂತ ತಿಳಕೊಂಡೆ."

"ಕೇಳಿದ್ರ ಕಾಯ್ತಿದ್ದೆ." ಉಜ್ವಲಾ ಕತ್ತರಿ ಕೆಳಗಿಟ್ಟಳು. "ಕೇಳದೇ ಇದ್ರೂ ಕಾಯ್ಕೋತನೇ ಕುಂತಿದ್ದೆ. ನನಗೇ ತಿಳೀಲಿಲ್ಲ."

ಅವನು ಕತ್ತರಿಸಿದ ಅಕ್ಷರವನ್ನು ಬೆಳಕಿಗೆ ಹಿಡಿದು ನೋಡಿದ. "ನನ್ನ ಹೆಸರು ಅಷ್ಟು ಚಂದ ಬಂದಿತ್ತು. ನಾಗಸೇನ ಸರ್ ಹೆಸರು ಯಾಕ ಸೊಟ್ಟ ಬರ್ಲತ್ತದ?"

"ಕಾಗದ ಹಿಡದವರ ಕೈ ನಡಗ್ಲತ್ತದ. ಅದಕ್ಕ."

ಹೌದು, ನಡುಗುತ್ತಿತ್ತು. ಇಬ್ಬರೂ ನಕ್ಕರು. ನಗುತ್ತಲೇ ಇಬ್ಬರ ಕಣ್ಣೂ ತುಂಬಿದವು.

ಭಾಲ್ಕಿಯ ಜೀಪುಗಳು ಊರ ಹೊರಗೆ ಹಾರ್ನು ಹಾಕುವ ಹೊತ್ತಿಗೆ ಕಮಾನಿನ ಮೇಲೆ ಸರಿಯಾದ ಎರಡು ಹೆಸರು ಬಂದಿದ್ದವು. ಲಗ್ನ ಸಾಂಗವಾಗಿ ನಡೆಯಿತು. ಬಿಳಿ ಹೂಗಳ ಮಧ್ಯೆ ನಿಂತ ಪೂನಮ ನಾಚಿದ್ದನ್ನು ನೋಡಿ ಜಿಜಾಬಾಯಿ ಗಳಗಳನೆ ಅತ್ತಳು. ನಾಲ್ಕು ವರ್ಷದ ಮೇಲೆ ಅದು ಸಂತೋಷದ ಅಳು.

ಊಟದ ಪಂಕ್ತಿ ಏಳುವಾಗ ಮದುಮಗಳು ಉಜ್ವಲಾಳನ್ನು ಕರೆದು ತಟ್ಟೆಯೊಂದನ್ನು ಕೈಗಿಟ್ಟಳು. ಅದರಲ್ಲಿ ಕಮಾನಿನಿಂದ ದಾರ ಬಿಚ್ಚಿ ತೆಗೆದ ವಿಶ್ವಾಸನ ಹೆಸರಿತ್ತು. ಒಂದು ಅಕ್ಷರವೂ ಹರಿದಿರಲಿಲ್ಲ.

"ನಾನೇ ಬಿಚ್ಚೀನಿ," ಎಂದಳು ಪೂನಮ. "ಇದು ನಂದಲ್ಲವ್ವ. ಯಾರದದ ಅವರು ಒಯ್ಯಲಿ."

ಉಜ್ವಲಾ ತಟ್ಟೆಯನ್ನು ಎದೆಗವಚಿಕೊಂಡು ನಿಂತಳು. ಅಷ್ಟರಲ್ಲಿ ಅನೀಲಕುಮಾರನ ಫೋನು ಬಂತು.

"ಅಣ್ಣಾ, ಉದಗೀರದವರಿಗಿ ಇಲ್ಲ ಅಂತ ಹೇಳಿಬಿಡು."

"ಯಾಕವ್ವ? ಏನಾತು?"

"ನನ್ನ ವರನ ಹೆಸರು ನಾನೇ ಕಾಗದದಾಗ ಕತ್ತರಿಸಿ ಆಗೇದ. ಮನಿಗಿ ಬಂದು ಪುರಾ ಹೇಳ್ತೇನಿ."

ಫೋನು ಇಟ್ಟು ತಿರುಗಿದರೆ ವಿಶ್ವಾಸ ಹಿಂದೆಯೇ ನಿಂತಿದ್ದ! ಎಲ್ಲವೂ ಅವನ ಕಿವಿಗೆ ಬಿದ್ದಿತ್ತು. ಅವನು ತಟ್ಟೆಯೊಳಗೆ ಬಗ್ಗಿ ನೋಡಿದ.

"ಒಂದೇ ಹೆಸರದ. ಬಾಜೂಕ ಇನ್ನೊಂದು ಬೇಕಲ್ಲ?"

ಉಜ್ವಲಾ ಅವನ ಮುಖವನ್ನೇ ನೋಡುತ್ತ ಚೀಲದಿಂದ ಉಳಿದ ಬಿಳಿ ಕಾಗದ ತೆಗೆದಳು.

"ಹಂಗಿದ್ರ ಕಾಗದ ಹಿಡಿ," ಎಂದಳು. "ಈ ಸಲ ಕೈ ನಡುಗಿಸಬ್ಯಾಡ."