ಎಲಿಯೊಳಗಿನ ಮಾವಶಿ

“ಐದನೇ ಇಯತ್ತೆಯ ಸಮಸ್ತ ಪ್ರಜೆಗಳಿಗೆ ತಿಳಿಸೋದೇನಂದ್ರ, ಇವತ್ತ ಈ ಟೇಬಲ್ ಮ್ಯಾಲೆ ಒಂದು ಎಲಿ ಓಡ್ತದ,” ಎಂದು ಭಾಗ್ಯಾ ಕುರ್ಚಿಯ ಮೇಲೆ ನಿಂತು ಘೋಷಿಸಿದಳು.

“ಇಲಿ ಓಡೋದ್ರಾಗ ಏನದ? ನಮ್ಮ ಮನ್ಯಾಗ ದಿನಾ ಓಡ್ತಾವ,” ಎಂದ ಪಕ್ಕದ ಟೇಬಲಿನ ದತ್ತು. ಅವನ ಬ್ಯಾಟರಿ ಕ್ರೇನು ಗುರ್ರ್ ಎನ್ನುತ್ತಿತ್ತು.

“ಇಲಿ ಅಲ್ಲೋ, ಎಲಿ. ಅದರ ಒಳಗ ಓಡ್ತದ.”

ಪುಣೆಯ ಆ ಕನ್ನಡ ಶಾಲೆಯಲ್ಲಿ ಅಂದು ವಿಜ್ಞಾನ ಪ್ರದರ್ಶನ. ‘ವರ್ಕಿಂಗ್ ಮಾಡೆಲ್’ ವಿಭಾಗದಲ್ಲಿ ಗೆದ್ದವರು ಲೋಣಾವಳಾದ ದೊಡ್ಡ ಪ್ರದರ್ಶನಕ್ಕೆ ಹೋಗಬಹುದು. ಅಲ್ಲಿಂದ ಶೇಂಗಾ-ಬೆಲ್ಲದ ಚಿಕ್ಕಿ ತರುತ್ತೇನೆಂದು ಭಾಗ್ಯಾ ಹುಲಿಗೆವ್ವ ಮಾವಶಿಗೆ ಆಗಲೇ ಮಾತು ಕೊಟ್ಟಿದ್ದಳು.

ಹುಲಿಗೆವ್ವ ಅವಳ ಅವ್ವನ ತಂಗಿ. ಊರಲ್ಲಿ ಸಣ್ಣವ್ವ ಆಗಿದ್ದವಳು ಪುಣೆಗೆ ಬಂದು ಮಾವಶಿ ಆಗಿದ್ದಳು. ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊತ್ತು ಹಲಗೆ ಮೇಲೆ ನಡೆಯುವವಳು, ಇವತ್ತು ಒಂದು ದಿನದ ಕೂಲಿ ಬಿಟ್ಟು ಸೂಟಿ ಹಾಕಿ ಬಂದಿದ್ದಳು.

“ಮಾವಶಿ, ಇದು ಮೀನಿನ ತೊಟ್ಟ್ಯಾಗ ಬೆಳೆಯೋ ಗಿಡದ ಎಲಿ. ಇದರಾಗ ಸಣ್ಣ ಸಣ್ಣ ಖೋಲಿ ಇರ್ತಾವ, ಸೆಲ್ ಅಂತಾರ. ಖೋಲಿ ಒಳಗ ದಾರದ ದಾರಿ. ಆ ದಾರಿ ಮ್ಯಾಲೆ ಮಯೋಸಿನ್ ಹೊರಿ ಹೊತ್ಕೊಂಡು ನಡೀತದ.”

“ಮಾವಶಿನ?”

“ಮಾವಶಿ ಅಲ್ಲ, ಮಯೋಸಿನ್. ಮೋಟಾರ್ ಪ್ರೋಟೀನು.”

“ಹೊರಿ ಹೊರ್ತದ ಅಂದ್ಮ್ಯಾಲೆ ಮಾವಶಿನ ಇರ್ಬೇಕು,” ಎನ್ನುತ್ತ ಹುಲಿಗೆವ್ವ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು.

ಹಸಿರು ಕಾಳುಗಳು ಖೋಲಿಯ ಗೋಡೆಗುಂಟ ಒಂದರ ಹಿಂದೊಂದು ಸಾಗುತ್ತಿದ್ದವು. ಹೊತ್ತವರು ಮಾತ್ರ ಕಾಣಲಿಲ್ಲ. ಅವರು ಅಷ್ಟು ಸಣ್ಣವರು.

ಹುಲಿಗೆವ್ವ ಬಹಳ ಹೊತ್ತು ನೋಡಿದಳು. “ಇವಕ್ಕ ಊಟದ ಸೂಟಿ ಇಲ್ಲೇನ?”

ಅಷ್ಟರಲ್ಲಿ ತೀರ್ಪುಗಾರ ಶ್ರೀನಾಥ್ ಸರ್ ಬಂದರು. ಅವರು ಬೆಂಗಳೂರಿನವರು.

“ಮೋಟಾರ್ ಎಲ್ಲಮ್ಮಾ?”

“ಒಳಗ ಅದರಿ ಸರ್.”

ಅವರೂ ಬಗ್ಗಿ ನೋಡಿದರು. “ಹೌದು, ಓಡ್ತಿದೆ. ಚೆನ್ನಾಗಿ ಓಡ್ತಿದೆ.”

ಭಾಗ್ಯಾ ಮನಸ್ಸಿನಲ್ಲೇ ಲೋಣಾವಳಾದ ಚಿಕ್ಕಿ ಅಂಗಡಿಯ ಮುಂದೆ ನಿಂತಾಗಿತ್ತು.

“ಆದ್ರೆ ವಿಭಾಗದ ಹೆಸರು ವರ್ಕಿಂಗ್ ಮಾಡೆಲ್,” ಎಂದು ಸರ್ ತಲೆ ಕೆರೆದುಕೊಂಡರು. “ಇದು ವರ್ಕಿಂಗೇ. ಮಾಡೆಲ್ ಅಲ್ವಲ್ಲಾ. ಇದು ಅಸಲಿ ಎಲೆ.”

“ಅಸಲಿ ಇದ್ರ ತಪ್ಪೇನ್ರಿ ಸರ್?”

“ತಪ್ಪಲ್ಲಮ್ಮಾ. ರೂಲು.”

ಲೋಣಾವಳಾ ಕ್ರೇನಿನ ಪಾಲಾಯಿತು. “ಮಾವಶಿ, ಚಿಕ್ಕಿ...” ಎಂದಳು ಭಾಗ್ಯಾ.

“ಚಿಕ್ಕಿ ಇಲ್ಲೂ ಸಿಗ್ತದ ಬಿಡ,” ಎಂದಳು ಹುಲಿಗೆವ್ವ. “ಇಂಥಾದ್ದು ಎಲ್ಲಿ ಸಿಗ್ತದ? ತುಸು ಆಕಡೆ ಸರಿ, ಇನ್ನೊಮ್ಮಿ ನೋಡ್ತೀನಿ.”

ದತ್ತು ಕ್ರೇನಿನ ಸ್ವಿಚ್ ಆರಿಸಿ ಮೆಲ್ಲಗೆ ಬಂದ. ತನ್ನ ಸರದಿ ಬಂದಾಗ ನೋಡಿದ. ನೋಡುತ್ತಲೇ ಇದ್ದ.

“ಇದರ ಸ್ವಿಚ್ ಎಲ್ಲದ?”

“ಇಲ್ಲ.”

“ಮತ್ತ ಹೆಂಗ ಬಂದ್ ಮಾಡ್ತೀ?”

ಭಾಗ್ಯಾ ತಾನೂ ಕಣ್ಣಿಟ್ಟಳು. ಯಾರು ಗೆದ್ದರೆಂದು ಒಳಗಿನವರಿಗೆ ಯಾರೂ ಹೇಳಿರಲಿಲ್ಲ. ಹಸಿರು ಕಾಳುಗಳು ಹೊರಟೇ ಇದ್ದವು.

ತಲೆ ಎತ್ತಿದರೆ ದತ್ತುವಿನ ಹಿಂದೆ ಬಾಗಿಲವರೆಗೂ ಸಾಲು.

ಎಲೆ ಒಣಗದಂತೆ ಅವಳು ಇನ್ನೊಂದು ಹನಿ ನೀರು ಬಿಟ್ಟಳು. “ಮುಂದಿನವ್ರು ಬರ್ರಿ,” ಎಂದಳು.