ಪುಸ್ತಕದಲ್ಲಿಲ್ಲದ ಮಾತು

"ಹೋಗಬೇಡಿ. ಇಷ್ಟು ದಿನ ನಿಮ್ಮ ದಾರಿಯನ್ನೇ ಕಾಯುತ್ತಿದ್ದೆ."

ಪರದೆಯ ಮರೆಯಿಂದ ಅವಳು ಪಿಸುಗುಟ್ಟಿದ್ದು, ತಾಲೀಮಿನ ನಡುವೆ ರಂಗದ ಮೇಲೆ ಮಾತು ಮರೆತು ನಿಂತಿದ್ದ ರಾಣಿಗೆ. ರಾಣಿಗೆ ಕೇಳಿಸಲಿಲ್ಲ. ಪಿಸುಗುಟ್ಟಿದವಳ ಬೆನ್ನ ಹಿಂದೆ ಗೋಡೆಗೆ ಟೇಪು ಹಿಡಿದು ಅಳತೆ ತೆಗೆಯುತ್ತಿದ್ದ ಅಪರಿಚಿತನಿಗೆ ಕೇಳಿಸಿತು.

"ನನ್ನ ದಾರೀನಾ?" ಎಂದ ಅವನು.

ಕೈ ಜಾರಿದ ಟೇಪು ಸರ್ರನೆ ಸುತ್ತಿಕೊಂಡಿತು. ಇಡೀ ತಂಡ ಗೊಳ್ಳೆಂದು ನಕ್ಕಿತು. ರಾಣಿಯಂತೂ ಸಿಂಹಾಸನದ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡಳು. ಹಗಲೆಲ್ಲ ಶಾಲೆಯಲ್ಲಿ ಗಣಿತ ಹೇಳಿ ಮಕ್ಕಳನ್ನು ಗದರಿಸುವ ಟೀಚರಮ್ಮ ಅವಳು.

"ನಿಮಗಲ್ಲ, ರಾಣಿಗೆ," ಎಂದಳು ಇವಳು. ಕಿವಿ ಬಿಸಿಯಾಗಿತ್ತು.

"ಓ. ಒಂದು ನಿಮಿಷ ಖುಷಿಯಾಗಿತ್ತು."

ಅವತ್ತಿನಿಂದ ಅವನಿಗೆ ಟೇಪು ಸಾಹೇಬರು ಎಂಬ ಹೆಸರು ಬಿತ್ತು.

ಪುರಸಭೆಯಿಂದ ಬಂದವನು. ಅವರಿಗೆ ನೀರಿನ ಪೈಪು, ಹಳೇ ಕಡತ ತುಂಬಿಡಲು ಒಂದು ದೊಡ್ಡ ಜಾಗ ಬೇಕಿತ್ತು. ನಾಟಕದ ಹಾಲ್‌ಗೆ ಎಷ್ಟು ಜನ ಬರುತ್ತಾರೆ ಎಂದು ಮೂರು ವಾರ ನೋಡಿ ರಿಪೋರ್ಟ್ ಕೊಡಬೇಕು. ಬರುವವರು ಕಡಿಮೆಯಾದರೆ ಇದು ಗೋದಾಮು. ಇದನ್ನೆಲ್ಲ ಅವನು ಏನನ್ನೂ ಮುಚ್ಚಿಡದೆ ಹೇಳಿದ. ಆ ನೇರ ಮಾತು ಅವಳಿಗೆ ಹಿಡಿಸಿತು. ಹಿಡಿಸಿತಲ್ಲ ಎಂದು ತನ್ನ ಮೇಲೆಯೇ ಸಿಟ್ಟೂ ಬಂತು.

ಎರಡು ಬೀದಿ ಆಚೆ ಅವಳ ಟೈಲರಿಂಗ್ ಅಂಗಡಿ. ಸಂಜೆಯಾದರೆ ಮಷೀನಿಗೆ ಬಟ್ಟೆ ಹೊದಿಸಿ ಬಂದು, ಪರದೆಯ ಪಕ್ಕದ ಸ್ಟೂಲಿನ ಮೇಲೆ ನಾಟಕದ ಪುಸ್ತಕ ಹಿಡಿದು ಕೂರುವಳು. ಮರೆತವರಿಗೆ ಮಾತು ಎತ್ತಿಕೊಡುವ ಕೆಲಸ. ಅಪ್ಪ ಮಾಡುತ್ತಿದ್ದದ್ದು, ಅಪ್ಪನೇ ಕಲಿಸಿದ್ದು. "ಮಾತು ಕೊಡು ಮಗಳೇ, ಭಾವ ಕೊಡಬೇಡ. ಪುಸ್ತಕದಲ್ಲಿಲ್ಲದ್ದನ್ನಂತೂ ಕೊಡಲೇಬೇಡ." ಹಾಗಾಗಿ ಎಂಥ ಪ್ರೇಮದ ಮಾತನ್ನೂ ಅವಳು ಬಸ್ಸಿನ ಟೈಮು ಹೇಳಿದ ಹಾಗೆ ಹೇಳುವಳು.

ಅವನು ಜನ್ಮದಲ್ಲಿ ನಾಟಕ ನೋಡಿದವನಲ್ಲ. ಸ್ಟೂಲಿನ ಪಕ್ಕ ನಿಂತು ಒಂದೇ ಸಮನೆ ಕೇಳುವನು.

"ಜನಕ್ಕೆ ಈ ಕಥೆ ಗೊತ್ತಿಲ್ವಾ?"

"ಬಾಯಿಪಾಠ ಬರುತ್ತೆ."

"ಮತ್ತೆ ಯಾಕೆ ಬರ್ತಾರೆ?"

"ಬಂದು ನೋಡಿ. ಅದು ಸರಿ, ರಂಗಾನ ಇವತ್ತು ಮೂರನೇ ಸಲ ಅಳೀತಿದ್ದೀರಲ್ಲ?"

"ಮರ ಅಲ್ವಾ? ಹಿಗ್ಗುತ್ತೆ, ಕುಗ್ಗುತ್ತೆ," ಎಂದ ಅವನು, ಅವಳ ಕಡೆ ನೋಡದೆ, ಬಹಳ ಗಂಭೀರವಾಗಿ.

ಭಾನುವಾರ ಮಧ್ಯಾಹ್ನದ ಆಟಕ್ಕೆ ಎಂಬತ್ತನಾಲ್ಕು ಜನ ಬಂದರು. ಅಷ್ಟು ಸಾಲದು ಎಂದು ಅವನ ಮುಖವೇ ಹೇಳುತ್ತಿತ್ತು. ಎರಡನೇ ಅಂಕದಲ್ಲಿ ಅವನು ಅವಳ ಪುಸ್ತಕದ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಓದಿಕೊಳ್ಳುತ್ತಿದ್ದ. ಆಗ ರಾಜ ಕೇಳಿದ: "ಮಂತ್ರಿ, ನಿನ್ನ ಮೊಣಕಾಲು ನೋವು ಹೇಗಿದೆ?"

ಬೆರಳು ನಿಂತಿತು. "ಇದು ಪುಸ್ತಕದಲ್ಲಿ ಇಲ್ವಲ್ಲ!"

"ಶ್!" ಅವಳು ಅವನ ಮಣಿಕಟ್ಟು ಹಿಡಿದಳು.

ಹಾಲ್‌ನಲ್ಲಿ ಉಸಿರಿನ ಸದ್ದೂ ಇಲ್ಲ. ಮಂತ್ರಿ ತಲೆಬಾಗಿದ. "ಪರವಾಗಿಲ್ಲ ಪ್ರಭು. ಈಗ ಮೆಟ್ಟಿಲು ಹತ್ತುತ್ತೇನೆ."

ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಒಂದು ನಿಟ್ಟುಸಿರು ಹಾದುಹೋಯಿತು. ಆಟ ಮುಂದುವರಿಯಿತು. ಮಣಿಕಟ್ಟು ಬಿಡಬೇಕೆಂದು ಅವಳಿಗೆ ನೆನಪಾದದ್ದು ಸ್ವಲ್ಪ ತಡವಾಗಿ.

ಆಟ ಮುಗಿದ ಮೇಲೆ ಟೀ ಕುಡಿಯುತ್ತ ಹೇಳಿದಳು. ರಾಜ, ಮಂತ್ರಿ ಆಗುವವರಿಬ್ಬರೂ ನಿಜವಾಗಿ ಒಡಹುಟ್ಟಿದವರು. ಒಂದೇ ಅಂಗಡಿ ಇತ್ತು. ಬೋರ್ಡಿನ ಮೇಲೆ ಯಾರ ಹೆಸರು ಮೊದಲು ಬರಬೇಕು ಎಂದು ಜಗಳವಾಗಿ ಅಂಗಡಿ ಎರಡಾಯಿತು. ಹನ್ನೊಂದು ವರ್ಷದಿಂದ ಮಾತಿಲ್ಲ. ಪಾತ್ರವನ್ನು ಮಾತ್ರ ಇಬ್ಬರೂ ಬಿಡಲಿಲ್ಲ.

ಅವಳು ಪುಸ್ತಕದ ಅಂಚು ತೋರಿಸಿದಳು. ಪ್ರತಿ ಆಟದ ಮೇಲೂ ಅವಳು ಪೆನ್ಸಿಲಿನಲ್ಲಿ ಬರೆದಿಟ್ಟ ಸಣ್ಣ ಸಣ್ಣ ಅಕ್ಷರ: ಮಂತ್ರಿ, ನಿನ್ನ ಮಗಳು ಪಾಸಾದಳೇ? ಪ್ರಭು, ಮಹಾರಾಣಿಯವರ ಜ್ವರ ಬಿಟ್ಟಿತೇ?

"ಒಂದು ಆಟಕ್ಕೆ ಒಂದೇ ಮಾತು. ಇವತ್ತು ಏನು ಕೇಳ್ತಾರೋ ಅಂತ ಊರೇ ಕಾಯುತ್ತೆ."

"ಹಾಗಾದ್ರೆ ಜನ ನಾಟಕ ನೋಡೋಕೆ ಬರಲ್ಲ."

"ನಾಟಕ ಇಲ್ದಿದ್ರೆ ಈ ಮಾತು ಎಲ್ಲಿಂದ ಬರುತ್ತೆ ಹೇಳಿ? ಬೀದೀಲಿ ನಿಂತು ಕೇಳು ಅಂದ್ರೆ ಅಣ್ಣನ ನಾಲಿಗೆ ಹೊರಳಲ್ಲ. ಕಿರೀಟ ಇಟ್ರೆ ಹೊರಳುತ್ತೆ."

ಅವನು ಟೀ ಲೋಟ ಕೆಳಗಿಟ್ಟು ರಿಪೋರ್ಟಿನ ಹಾಳೆ ತೆಗೆದ. "ಇದನ್ನ ಯಾವ ಕಾಲಂನಲ್ಲಿ ಬರೀಲಿ?"

"ಸುಳ್ಳಂತೂ ಬರೀಬೇಡಿ."

"ಬರೆಯಲ್ಲ. ನಮ್ಮ ಆಫೀಸಿನ ದೊಡ್ಡ ಮೇಡಂನೇ ಕರ್ಕೊಂಡು ಬರ್ತೀನಿ."

ಮೂರನೇ ಭಾನುವಾರ ಮೇಡಂ ಬಂದರು. ಮೂರನೇ ಸಾಲಿನಲ್ಲಿ, ತೊಡೆಯ ಮೇಲೆ ಬ್ಯಾಗು, ಐದು ನಿಮಿಷಕ್ಕೊಮ್ಮೆ ಕಣ್ಣು ವಾಚಿನ ಮೇಲೆ.

ಎರಡನೇ ಅಂಕ. ರಾಜ ಸಿಂಹಾಸನದಿಂದ ಎದ್ದ. ಅವನು ಅಲ್ಲಿ ಏಳುವುದೇ ಇಲ್ಲ.

"ಮಂತ್ರಿ," ಎಂದು ಗಂಟಲು ಸರಿಮಾಡಿಕೊಂಡ. "ನಾಳೆ ಮಧ್ಯಾಹ್ನ ಊಟಕ್ಕೆ ಬಾ. ಮನೆಗೆ."

ಅರಮನೆಗೆ ಎನ್ನಲಿಲ್ಲ. ಮನೆಗೆ ಎಂದ.

ಮಂತ್ರಿ ಬಾಯಿ ತೆರೆದ. ಮಾತು ಬರಲಿಲ್ಲ. ಕಣ್ಣು ನೇರವಾಗಿ ಪರದೆಯ ಮರೆಗೆ, ಅವಳ ಮೇಲೆ ಬಂದು ನಿಂತಿತು. ಅವಳು ಪುಸ್ತಕ ನೋಡಿದಳು. ಅಲ್ಲಿ ಏನೂ ಇಲ್ಲ. ಇಲ್ಲದ್ದನ್ನು ಕೊಡಬಾರದು. ಕೊಡದಿದ್ದರೆ ಇವನು ಸುಮ್ಮನೆ ತಲೆಬಾಗಿ ಆಚೆ ಹೋಗುತ್ತಾನೆ; ಹನ್ನೊಂದು ವರ್ಷ ಹನ್ನೆರಡಾಗುತ್ತದೆ.

ಪಕ್ಕದಲ್ಲಿ ಟೇಪು ಸಾಹೇಬರು ಅವಳನ್ನೇ ನೋಡುತ್ತಿದ್ದರು.

ಅವಳು ಮಂತ್ರಿಯ ಮುಖವನ್ನು ದಿಟ್ಟಿಸಿದಳು. ಅವನಿಗೆ ಉತ್ತರ ಗೊತ್ತಿತ್ತು. ಹೇಗೆ ಕರೆಯಬೇಕೋ ಅದು ತಿಳಿಯುತ್ತಿರಲಿಲ್ಲ. ಪ್ರಭು ಎಂದರೆ ಆ ಊಟ ನಾಟಕದ ಊಟವಾಗಿಬಿಡುತ್ತದೆ.

"ಅಣ್ಣಾ," ಎಂದು ಪಿಸುಗುಟ್ಟಿದಳು. ಬಸ್ಸಿನ ಟೈಮು ಹೇಳಿದ ಹಾಗೆ ಹೇಳಲು ಆಗಲಿಲ್ಲ.

"ಅಣ್ಣಾ," ಎಂದ ಮಂತ್ರಿ. ಆಮೇಲೆ ತಾನಾಗಿಯೇ, "ಬರ್ತೀನಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೋ ಮೂಗು ಒರೆಸಿಕೊಂಡರು. ಮೇಡಂ ಪಕ್ಕದ ಅಜ್ಜಿಯನ್ನು ಕೇಳಿದರು, "ಇದು ನಾಟಕದಲ್ಲಿ ಇದೆಯಾ?"

"ಇವತ್ತಿಂದ ಇದೆ ಕಣಮ್ಮಾ."

ಹೊರಡುವಾಗ ಮೇಡಂ ಟೇಪು ಸಾಹೇಬರನ್ನು ಕರೆದರು. "ಪೈಪಿಗೆ ಬೇರೆ ಜಾಗ ನೋಡಿ. ಮುಂದಿನ ಆಟ ಎಷ್ಟು ಗಂಟೆಗೆ?"

"ಮೇಡಂ?"

"ಊಟಕ್ಕೆ ಹೋದ್ರಾ ಇಲ್ವಾ ಅಂತ ಗೊತ್ತಾಗಬೇಕಲ್ರೀ!"

ಹಾಲ್ ಖಾಲಿಯಾಯಿತು. ಅವಳು ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ ಆಡಿಸುತ್ತಿದ್ದಳು. ಅವನು ಹತ್ತಿರ ಬಂದು ನಿಂತ.

"ಇನ್ನು ನಿಮಗೆ ಇಲ್ಲಿ ಅಳೆಯೋಕೆ ಏನೂ ಉಳಿದಿಲ್ಲ," ಎಂದಳು, ತಲೆ ಎತ್ತದೆ.

"ಅದೇ ಚಿಂತೆ. ನೆಪ ಎಲ್ಲ ಮುಗೀತು." ಅವನು ತಡವರಿಸಿದ. "ನನಗೆ ಚಂದ ಮಾಡಿ ಹೇಳೋಕೆ ಬರಲ್ಲ. ನೀವಿಲ್ಲದ ಭಾನುವಾರ ಹೇಗಿರುತ್ತೆ ಅಂತ ಯೋಚಿಸಿದೆ. ಬೇಡ ಅನ್ನಿಸ್ತು. ನನ್ನ ಮದುವೆ ಆಗ್ತೀರಾ?"

"ಹಿಂದಿನ ಸಾಲಿಗೆ ಕೇಳಿಸಲಿಲ್ಲ!" ಪರದೆಯ ಆಚೆಯಿಂದ ರಾಣಿಯ ದನಿ. "ಇನ್ನೊಂದ್ಸಲ ಹೇಳಪ್ಪಾ!"

ಅವನ ಮುಖ ಕೆಂಪೇರಿತು. ಆದರೂ ರಂಗದ ನಡುವೆ ಹೋಗಿ ಖಾಲಿ ಕುರ್ಚಿಗಳ ಕಡೆ ತಿರುಗಿ, ಕಣ್ಣು ಮುಚ್ಚಿ ಕೂಗಿಯೇಬಿಟ್ಟ: "ನನ್ನ ಮದುವೆ ಆಗ್ತೀರಾ?"

ಪರದೆಯ ಹಿಂದೆ ಕಿಸಿಕಿಸಿ ನಗು ಎದ್ದು, ತಟ್ಟನೆ ನಿಂತಿತು. ಅಲ್ಲಿ ರಾಜನೂ ಮಂತ್ರಿಯೂ ರಾಣಿಯೂ ಕಿವಿಗೊಟ್ಟು ನಿಂತಿದ್ದಾರೆಂದು ಅವಳಿಗೆ ಗೊತ್ತಿತ್ತು. ಅವಳಿಗೆ ಮಾತು ಎತ್ತಿಕೊಡುವವರು ಅಲ್ಲಿ ಯಾರೂ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಅವಳು ಸ್ಟೂಲಿನಿಂದ ಎದ್ದು, ರಂಗದ ನಡುವೆ ಅವನ ಪಕ್ಕ ಬಂದು ನಿಂತಳು.

"ಆಗ್ತೀನಿ," ಎಂದಳು.

ಹಿಂದಿನ ಸಾಲಿಗೂ ಕೇಳಿಸಿತು.